ಹನ್ನೆರಡು ನಿಮಿಷ

ನಮ್ಮ ಬಡಾವಣೆಯ ರೈಲು ನಿಲ್ದಾಣಕ್ಕೆ ನೂರು ವರ್ಷ ತುಂಬಿತೆಂದು ಅದರ ಚರಿತ್ರೆ ಬರೆಯುತ್ತಿದ್ದೆ. ಐವತ್ತು ವರ್ಷದ ಹಿಂದೆ ಸ್ಟೇಷನ್ ಮಾಸ್ಟರ್ ವೆಂಕೋಬರಾಯರು ಎಕ್ಸ್‌ಪ್ರೆಸ್ ರೈಲನ್ನು ಹನ್ನೆರಡು ನಿಮಿಷ ತಡೆದು ಕೆಲಸ ಕಳೆದುಕೊಂಡರೆಂದು ಹಳೆಯ ದಾಖಲೆಯಲ್ಲಿತ್ತು. ಕಾರಣ ಕೇಳಿದರೆ ಅವರು ಬಾಯಿ ಬಿಡಲಿಲ್ಲವಂತೆ.

"ಕಾರಣ ನಾನೇ," ಎಂದರು ನಿಲ್ದಾಣದೆದುರು ಹೂ ಮಾರುವ ಚೆನ್ನಾಜಮ್ಮ.

ಆಗ ಅವರಿಗೆ ಹತ್ತೊಂಬತ್ತು. ಗಂಡನ ಹೊಡೆತ ತಾಳದೆ ಓಡಿಬಂದಿದ್ದರು. ರಾಯರು ಅವರನ್ನು ಸೀಮೆಎಣ್ಣೆ ಇಡುವ ಕೋಣೆಗೆ ನೂಕಿ, ಹೊರಗಿನಿಂದ ಬೀಗ ಜಡಿದರು. ಕೋಣೆಗೆ ಕಿಟಕಿಯಿರಲಿಲ್ಲ. ಘಾಟಿಗೆ ಕೆಮ್ಮು ಒತ್ತರಿಸಿ ಬಂದಾಗ ಚೆನ್ನಾಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡರು.

ರೈಲು ಬಂದು ನಿಂತಿತು. ಅದರ ಬೆನ್ನಿಗೇ ಬಾಗಿಲಾಚೆ ಗಂಡನ ದನಿ. ಜೊತೆಗೆ ಇಬ್ಬರು ಮೈದುನರು.

"ನನ್ನ ಹೆಂಡ್ತಿ ಈ ಕಡೆ ಬಂದ್ಲಾ, ಸ್ವಾಮಿ?"

"ಬಂದಳಲ್ಲ," ಎಂದರು ರಾಯರು.

ಚೆನ್ನಾಜಮ್ಮ ಬಾಗಿಲಿನಿಂದ ಹಿಂದಕ್ಕೆ ಸರಿದರು. ಬೀಗ ಹಾಕಿದ್ದು ಹಿಡಿದುಕೊಡಲೆಂದೇ?

"ಇದೇ ರೈಲು ಹತ್ತಿದಳು. ಒಂದೊಂದೇ ಬೋಗಿ ಹುಡುಕಿ. ಅಲ್ಲೀವರೆಗೂ ರೈಲು ಬಿಡಲ್ಲ."

ಗಂಡ ಹತ್ತಿದ. ದೊಡ್ಡ ಮೈದುನ ಹತ್ತಿದ. ಚಿಕ್ಕವನು ಮಾತ್ರ ಬಾಗಿಲಿಗೇ ಒರಗಿ ನಿಂತ. ಅವನ ಉಸಿರು ಕೂಡ ಒಳಗೆ ಕೇಳಿಸುತ್ತಿತ್ತು. ಗಾರ್ಡು ಸೀಟಿ ಊದಿ ಊದಿ ಸಿಟ್ಟಾದ. ರಾಯರು ಜಗ್ಗಲಿಲ್ಲ.

"ಹಿಂದಿನ ಬೋಗಿ ಇನ್ನೂ ಯಾರೂ ನೋಡಿಲ್ಲ ಕಣಯ್ಯ," ಎಂದರು ಕೊನೆಗೆ. "ಇಲ್ಲಿ ನಿಂತ್ರೆ ಸಿಗ್ತಾಳಾ? ನೀನೂ ಹತ್ತು."

ಅವನೂ ಹತ್ತಿದ.

ರಾಯರು ಹಸಿರು ಬಾವುಟ ಬೀಸಿದರು.