ಮುಂಬೈ ಅತ್ತೆಯ ಇಂಗ್ಲಿಷ್ ಮುದ್ದು

'ಏಂಜೆಲ್' ಎಂದು ಬರೆದ ಅಂಗಿಯನ್ನು ಬಾಣಂತಿ ಮನೆಗೆ ಒಯ್ಯಬೇಡಿ, ಕರಡಿಯ ಚಿತ್ರದ್ದು ಒಯ್ಯಿರಿ ಎಂದು ನನ್ನ ಮಕ್ಕಳ ಬಟ್ಟೆ ಅಂಗಡಿಗೆ ಬಂದವರಿಗೆ ಈಗಲೂ ಹೇಳುತ್ತೇನೆ.

ಆಗ ನನ್ನ ತಮ್ಮ ಹುಟ್ಟಿ ವಾರವಾಗಿತ್ತು. ಕೋಟೇಶ್ವರದ ಅಜ್ಜಿಮನೆಗೆ ಸೋದರಮಾವನ ಹೆಂಡತಿ, ನಮ್ಮ ಮುಂಬೈ ಅತ್ತೆ, ಬಂದಿದ್ದರು. ಮದುವೆಯಾಗಿ ಬಹಳ ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಮಗುವನ್ನು ಎತ್ತಿಕೊಂಡವರೇ "ಏಂಜೆಲ್, ಬ್ಯೂಟಿಫುಲ್" ಎಂದು ಶುರುಮಾಡಿದರು.

"ಅದೆಂತ ಹೇಳುದ್ ಮಗಾ ಅವ್ಳ್?" ಅಜ್ಜಿ ನನ್ನನ್ನು ಕೇಳಿದರು.

"ದೇವತೆ ಅಂಬ್ರ್. ಚಂದ ಇತ್ತ್ ಅಂಬ್ರ್."

ಹೊಗಳಿದರೆ ದೃಷ್ಟಿ ತಾಗುತ್ತದೆಂದು ನಮ್ಮ ಮನೆಯಲ್ಲಿ ಹಸುಗೂಸನ್ನು ಕಪ್ಪೆ, ಇಲಿಮರಿ ಎಂದೇ ಕರೆಯುತ್ತಿದ್ದರು. ಅಜ್ಜಿ ಮಗುವನ್ನು ಕಸಿದುಕೊಂಡು ಅದರ ಕೆನ್ನೆಗೆ ಸುಟ್ಟ ಬಜೆಯ ಮಸಿ ತಿಕ್ಕಿದರು. "ನಂಗ್ ತಿಳಿಯದ್ ಭಾಷಿಯಗೆ ಕಣ್ ಹಾಕುಕ್ ಬಂದದ್ದಾ?"

ಅತ್ತೆಯ ಕೈ ಚಾಚಿದಂತೆಯೇ ಉಳಿಯಿತು. ಹಾಗೇ ಮಗುವಿನತ್ತ ಬಾಗಿ ಮೆಲ್ಲಗೆ, "ಮೈ ಲಿಟಲ್ ಮಂಕಿ" ಎಂದರು.

ಅಜ್ಜಿ ಮತ್ತೆ ನನ್ನತ್ತ ನೋಡಿದರು.

"ಮಂಗ ಅಂಬ್ರ್" ಎಂದೆ.

"ಇಂಗ್ಲಿಷಿನವ್ರೂ ಶಿಶುವಿಗೆ ಮಂಗ ಅಂತ್ರಾ?" ಅಜ್ಜಿಗೆ ನಂಬಿಕೆ ಬರಲಿಲ್ಲ.

"ಪ್ರೀತಿ ಇದ್ರೆ ಅಂತ್ರ್" ಎಂದರು ಅತ್ತೆ.

ಅಜ್ಜಿ ಮಗುವನ್ನು ಅವರ ಮಡಿಲಿಗಿಟ್ಟರು. ಅತ್ತೆ ಸಂಜೆಯವರೆಗೆ ಮಗುವಿನ ನೆತ್ತಿ ಮೂಸುತ್ತ ಕುಳಿತರು. ಅಜ್ಜಿ ಪಕ್ಕದಿಂದ ಏಳಲೇ ಇಲ್ಲ.