ಚುಕ್ಕಿಯ ಬೆನ್ನು ಹತ್ತಿ

“ನಗಬೇಡ, ತಲೆ ಅಲ್ಲಾಡುತ್ತೆ,” ಎಂದರು ಡಾಕ್ಟರು, ಮೂರನೆಯ ಸಲ.

ನಗದೆ ಇರುವುದು ಹೇಗೆ? ಗಲ್ಲವನ್ನು ಪ್ಲಾಸ್ಟಿಕ್ ತಟ್ಟೆಯ ಮೇಲೆ ಊರಿ, ಹಣೆಯನ್ನು ಪಟ್ಟಿಗೆ ಒತ್ತಿ, ಒಳ್ಳೇ ಫೋಟೋ ತೆಗೆಸಿಕೊಳ್ಳುವವಳ ಹಾಗೆ ಕೂತಿದ್ದಳು ಗೋಲ್‌ಕೀಪರ್. ತಂಡದವರು ಅವಳನ್ನು ಗೋಡೆ ಎಂದೇ ಕರೆಯುತ್ತಿದ್ದರು. ನಿನ್ನೆ ಸೆಮಿಫೈನಲ್‌ನ ಕೊನೆಯ ನಿಮಿಷದಲ್ಲಿ ಹಾರಿ, ಚೆಂಡನ್ನೂ ಹಿಡಿದು, ತಲೆಯನ್ನು ಗೋಲುಕಂಬಕ್ಕೆ ಬಡಿದುಕೊಂಡ ಮಹಾತಾಯಿ ಇವಳೇ. ಇಂದು ಸಂಜೆ ನಾಲ್ಕಕ್ಕೆ ಫೈನಲ್. ಆಡಬೇಕಾದರೆ ಈ ಯಂತ್ರ ಒಪ್ಪಬೇಕು.

ಪರದೆಯ ಮೇಲೆ ಕೆಂಪು ಚುಕ್ಕಿಯೊಂದು ಸುತ್ತು ಹೊಡೆಯುತ್ತದೆ. ಕಣ್ಣು ಅದರ ಬೆನ್ನು ಬಿಡಬಾರದು. ಎಲ್ಲಿ ಹಿಂದೆ ಬಿತ್ತು, ಎಲ್ಲಿ ಎಡವಿತು ಎಂಬುದನ್ನೆಲ್ಲ ಕೆಳಗಿನ ಕ್ಯಾಮೆರಾ ಹಿಡಿದಿಟ್ಟುಕೊಂಡು ಅಂಕ ಕೊಡುತ್ತದೆ. ಮಿದುಳಿಗೆ ಪೆಟ್ಟಾಗಿದ್ದರೆ ಬಾಯಿ ಸುಳ್ಳು ಹೇಳಬಹುದು, ಕಣ್ಣು ಹೇಳುವುದಿಲ್ಲ ಎನ್ನುವುದು ಡಾಕ್ಟರ ನಂಬಿಕೆ. ಸೀಸನ್ ಶುರುವಾಗುವ ಮುಂಚೆಯೇ ಎಲ್ಲ ಆಟಗಾರ್ತಿಯರನ್ನೂ ಹೀಗೇ ಕೂರಿಸಿ ಅಂಕ ಬರೆದುಕೊಂಡಿದ್ದರು. ಪೆಟ್ಟಾದ ಮೇಲಿನ ಅಂಕವನ್ನು ಅದರ ಪಕ್ಕ ಇಟ್ಟು ನೋಡುವುದು. ಇಳಿದಿತ್ತೋ, ಬೆಂಚೇ ಗತಿ.

ಬಾಗಿಲ ಬಳಿ ಅಕ್ಕ ಉಗುರು ಕಚ್ಚುತ್ತ ನಿಂತಿದ್ದಳು. ಒಡಹುಟ್ಟಿದ ಅಕ್ಕ, ತಂಡದ ನಾಯಕಿ. ಹದಿನಾಲ್ಕು ವರ್ಷ ಆಡಿದವಳಿಗೆ ಇದು ಮೊದಲ ಫೈನಲ್, ಕೊನೆಯ ಪಂದ್ಯವೂ ಹೌದು. ಹಿಂದೆ ಗೋಲಿನಲ್ಲಿ ತಂಗಿ ಇಲ್ಲದಿದ್ದರೆ ಅವಳಿಗೆ ಕಾಲೇ ಓಡುವುದಿಲ್ಲ.

“ಡಾಕ್ಟ್ರೇ, ಆ ಕಂಬಾನೂ ಕರ್ಸಿ. ಅದಕ್ಕೂ ಪೆಟ್ಟಾಗಿದೆ, ಪಾಪ,” ಎಂದಳು ಗೋಡೆ. ಡಾಕ್ಟರಿಗೂ ನಗು ಬಂತು.

“ತಲೆನೋವು ಇದೆಯಾ?”

“ಇಲ್ಲ.”

“ತಲೆಸುತ್ತು?”

“ಸುತ್ತುತ್ತಿರೋದು ಚುಕ್ಕಿ ಡಾಕ್ಟ್ರೇ, ನಾನಲ್ಲ.”

ಯಂತ್ರ ಕುಂಯ್ ಎಂದು ನಿಂತಿತು. ಡಾಕ್ಟರು ಹಳೆಯ ಹಾಳೆ ತೆಗೆದರು, ಕನ್ನಡಕ ಏರಿಸಿದರು. ಅಕ್ಕನ ಉಗುರು ಮುಗಿದು ಬೆರಳು ಶುರುವಾಗಿತ್ತು.

“ನೂರಕ್ಕೆ ನಲವತ್ತೊಂದು. ಅವತ್ತೂ ನಲವತ್ತೊಂದೇ. ನಿನ್ನ ಕಣ್ಣು ಮೊದಲಿಂದ್ಲೂ ಸೋಮಾರಿ ಕಣಮ್ಮಾ, ಚೆಂಡು ಹೇಗೆ ಹಿಡೀತೀಯೋ ದೇವರಿಗೇ ಗೊತ್ತು. ಆದ್ರೆ ಒಂಚೂರೂ ಇಳಿದಿಲ್ಲ. ಹೋಗು, ಆಡು.”

ಆಮೇಲೆ ಕೇಳಬೇಕೇ? ಗೋಡೆ ಆಸ್ಪತ್ರೆಯ ಉದ್ದ ಪಡಸಾಲೆಯಲ್ಲಿ ಕುಣಿದಳು. ತೂಕದ ಯಂತ್ರಕ್ಕೆ ಸಲಾಮು ಹೊಡೆದಳು. ದೀಪಗಳಿಗೆಲ್ಲ ಬಣ್ಣದ ಉಂಗುರ ಇದೆ, ಎಷ್ಟು ಚೆಂದ ಎಂದಳು. ನೆಲ ಒರೆಸುತ್ತಿದ್ದ ಹೆಂಗಸಿಗೆ ಕಂಬದ ಜೋಕು ಹೇಳಿದಳು. ಆಕೆ ನಕ್ಕು ಮುಗಿಸುವ ಮೊದಲೇ ಇನ್ನೊಮ್ಮೆ ಹೇಳಿದಳು. ಅಕ್ಕನಿಗೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು.

“ಅಕ್ಕಾ, ಮ್ಯಾಚು ಎಷ್ಟೊತ್ತಿಗೆ?”

“ನಾಲ್ಕಕ್ಕೆ.”

ಲಿಫ್ಟಿನ ಗುಂಡಿ ಒತ್ತಿ ನಿಂತರು.

“ಅಕ್ಕಾ, ಮ್ಯಾಚು ಎಷ್ಟೊತ್ತಿಗೆ?”

“ಖುಷಿ ತಲೆಗೇರಿದೆ ನಿಂಗೆ,” ಎಂದು ಅಕ್ಕ ಅವಳ ಹೆಗಲು ತಬ್ಬಿದಳು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿದಳು. “ಮೊದಲ ಪರೀಕ್ಷೇಲಿ ಬೇಕಂತ್ಲೇ ಕಣ್ಣು ತಪ್ಪಿಸು ಅಂತ ನಾನು ಹೇಳ್ಕೊಟ್ಟಿದ್ದು ಸಾರ್ಥಕ ಆಯ್ತು ನೋಡು. ಆವಾಗ ಅಂಕ ಕಮ್ಮಿ ಇದ್ರೆ ಆಮೇಲೆ ಪೆಟ್ಟು ಬಿದ್ರೂ ಭಯ ಇಲ್ಲ. ಆದ್ರೂ ಇವತ್ತು ಡಾಕ್ಟ್ರಿಗೆ ಅನುಮಾನ ಬರ್ದಿರೋ ಹಾಗೆ ಸರಿಯಾಗಿ ನಲವತ್ತೊಂದಕ್ಕೇ ತಂದು ನಿಲ್ಸಿದ್ಯಲ್ಲ, ಎಂಥ ನಾಟಕದೋಳೇ ನೀನು.”

“ನಾಟಕನಾ?” ಗೋಡೆ ಇನ್ನೂ ನಗುತ್ತಲೇ ಇದ್ದಳು. “ಇವತ್ತು ಮೈಯೆಲ್ಲ ಕಣ್ಣಾಗಿ ನೋಡ್ದೆ ಕಣಕ್ಕಾ. ಒಂದ್ಸಲಾನೂ ಬೇಕಂತ ತಪ್ಪಿಸ್ಲಿಲ್ಲ.”

ಲಿಫ್ಟು ಬಂದು ಬಾಗಿಲು ತೆರೆಯಿತು. ಅಕ್ಕ ಹತ್ತಲಿಲ್ಲ, ತಂಗಿಯ ಕೈ ಹಿಡಿದು ಬಂದ ದಾರಿಯಲ್ಲೇ ಹಿಂದಿರುಗಿ ಡಾಕ್ಟರ ಬಾಗಿಲು ತಟ್ಟಿದಳು.