ಇಡ್ಲಿ ಗಾಡಿಯ ಅಕ್ಕ

“ಅಕ್ಕಾ, ನಮ್ಮನೆಯವ್ರನ್ನ ಎಲ್ಲಾದ್ರೂ ನೋಡಿದ್ರಾ?”

ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಇಡ್ಲಿ ಗಾಡಿ ಇಟ್ಟುಕೊಂಡಿದ್ದ ಗಂಗಲಕ್ಷ್ಮಿಯ ಮುಂದೆ ಆ ಹೆಂಗಸು ಮೊಬೈಲ್ ಹಿಡಿದಳು. ಹೆಸರು ಲೋಹಿತಾ, ಪಾವಗಡದ ಕಡೆಯವಳು. ಗಾರೆ ಕೆಲಸಕ್ಕೆಂದು ಇಲ್ಲಿಗೆ ಬಂದಿದ್ದ ಗಂಡ ಓಬಳರಾಜುವಿನ ಫೋನ್ ನಾಲ್ಕು ದಿನದಿಂದ ಸ್ವಿಚ್ ಆಫ್.

ಫೋಟೊ ಕಂಡೊಡನೆ ಗಂಗಲಕ್ಷ್ಮಿಗೆ ಗುರುತು ಸಿಕ್ಕಿತು. ಸೋಮವಾರ ಬೆಳಿಗ್ಗೆ ಅವಳ ಗಾಡಿಯಲ್ಲೇ ತಿಂದು ಹೋದ ಓಬಳರಾಜು, ಎದುರಿನ ಹೊಸ ಕಟ್ಟಡದ ಮೂರನೇ ಮಹಡಿಯಿಂದ ಬಿದ್ದಿದ್ದ. ಕಂಟ್ರಾಕ್ಟರ್ ಜಯಕುಮಾರ್ ಅವನನ್ನು ಗೂಡ್ಸ್ ಆಟೋದಲ್ಲಿ ಮಲಗಿಸಿಕೊಂಡು ತುಮಕೂರಿಗೆ ಹೋದವನು, ಸಂಜೆ ಒಬ್ಬನೇ ವಾಪಸ್ ಬಂದು ಗಾಡಿಯ ಪಕ್ಕ ನಿಂತಿದ್ದ.

“ದಾರೀಲೇ ಪ್ರಾಣ ಹೋಗ್ಬುಡ್ತು. ರೋಡಲ್ಲಿ ಬಿದ್ದಿದ್ದ, ಯಾರೋ ಗೊತ್ತಿಲ್ಲ ಅಂತ ಆಸ್ಪತ್ರೇಲಿ ಬರೆಸಿದೀನಿ. ನೀನೇನೂ ನೋಡಿಲ್ಲ ಕಣಮ್ಮ. ನಿನ್ ಗಾಡಿ ನಿಂತಿರೋದು ನನ್ ಜಾಗದಲ್ಲಿ, ನನ್ ಆಳುಗಳ ತಿಂಡೀನೂ ನಿಂದೇ.”

ಅವತ್ತು ಅವಳು ತಲೆಯಾಡಿಸಿದ್ದಳು. ಪುರಸಭೆಯವರು ಎರಡು ಸಲ ಎತ್ತಂಗಡಿ ಮಾಡಿದ ಮೇಲೆ ಸಿಕ್ಕಿದ್ದ ಜಾಗ ಅದು.

“ಇಲ್ಲ ಕಣಮ್ಮ,” ಎಂದಳು ಈಗ. “ದಿನಾ ಎಷ್ಟೋ ಜನ ಬತ್ತಾರೆ. ಯಾರ್ನ ಅಂತ ನೆನಪಿಟ್ಕಳಾದು?”

ಲೋಹಿತಾ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತಳು. ತುಟಿ ಒಣಗಿ ಬಿರಿದಿತ್ತು. ಗಂಗಲಕ್ಷ್ಮಿ ಏನೂ ಕೇಳದೆ ತಟ್ಟೆಗೆ ಎರಡು ಇಡ್ಲಿ ಹಾಕಿ ಕೈಗೆ ಕೊಟ್ಟಳು.

“ಕೆಲಸ ಬಿಟ್ಟು ಎಲ್ಲಿಗೋ ಹೋದ ಅಂತಾರೆ ಎಲ್ರೂ,” ಇಡ್ಲಿ ಮುರಿಯುತ್ತಾ ಲೋಹಿತಾ ಹೇಳಿದಳು. “ಹಂಗೆ ಬಿಟ್ಟೋಗೋರಲ್ಲ ಅಕ್ಕಾ. ಇಲ್ಲೊಬ್ಳು ಅಕ್ಕ ಅವ್ಳೆ, ಕೇಳ್ದಿದ್ರೂ ಇನ್ನೊಂದು ಇಡ್ಲಿ ಹಾಕ್ತಾಳೆ ಅಂತ ದಿನಾ ಫೋನಲ್ಲಿ ಹೇಳ್ತಿದ್ರು. ನಂಗೇನಾದ್ರೂ ಆದ್ರೆ ಅವ್ಳನ್ನೇ ಕೇಳು, ಆ ಊರಲ್ಲಿ ನನ್ನ ಗುರ್ತಿರೋದು ಅವ್ಳೊಬ್ಳಿಗೇ ಅಂತಿದ್ರು. ಆ ಅಕ್ಕನ ಗಾಡಿ ಎಲ್ಲಿ ಅಂತ ನಿಮಗೇನಾದ್ರೂ ಗೊತ್ತಾ?”

ಗಂಗಲಕ್ಷ್ಮಿ ಸೌಟು ಕೆಳಗಿಟ್ಟಳು. ಎದುರಿನ ಕಟ್ಟಡದ ಬಾಗಿಲಲ್ಲಿ ಜಯಕುಮಾರ್ ಇವರನ್ನೇ ನೋಡುತ್ತಾ ನಿಂತಿದ್ದ. ಅವಳು ಸ್ಟೌ ಆರಿಸಿದಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು ಲೋಹಿತಾಳ ಪಕ್ಕ ಕೂತಳು.

“ನಾನೇ ಕಣಮ್ಮ ಅದು.”

ಲೋಹಿತಾ ತಟ್ಟೆ ಕೆಳಗಿಡಲು ಹೋದಳು. ಗಂಗಲಕ್ಷ್ಮಿ ಅವಳ ಕೈ ಹಿಡಿದುಕೊಂಡಳು.

“ಇಡಬ್ಯಾಡ. ಮೊದ್ಲು ತಿಂದು ಮುಗ್ಸು, ಆಮೇಲೆ ಹೇಳ್ತೀನಿ. ಕೇಳಿದ್ ಮೇಲೆ ನಿನ್ ಕೈಲಿ ತಿನ್ನಕ್ಕಾಗಲ್ಲ.”